ಟೇಪು ಹರದ ಜಾಗಾ

ಕ್ಯಾಸೆಟ್ ಬಂದದ್ದು ಹುಬ್ಬಳ್ಳಿಯಿಂದ,
ಪ್ಯಾಸೆಂಜರ್ ಗಾಡಿಯ ಗಾರ್ಡ್, ನಮ್ಮ ಸೋದರಮಾವನ
ಊಟದ ಡಬ್ಬಿಯೊಳಗ. ಮ್ಯಾಲ ಹೆಸರಿಲ್ಲ.
ನೀಲಿ ಶಾಯಿಲೆ ಒಂದು ಗೀಟು, ಮತ್ತ
“ಬಿ ಬಾಜೂ ಛಲೋ ಐತಿ.”
ಚಟ್ನಿಪುಡಿ ವಾಸನಿ ಅದಕ್ಕ ಕಡೀತನಕ ಹೋಗಲಿಲ್ಲ.

ಬೆಟಗೇರಿಯೊಳಗ ಆಗ ಮಗ್ಗ ನಿಂದರತಿದ್ದು ಎರಡಽ ಸಲ:
ಕರೆಂಟ್ ಹ್ವಾದಾಗ, ಓಣಿಯೊಳಗ ಯಾರರೆ ಸತ್ತಾಗ.
ನಮಗ ಕರೆಂಟೂ ಬೇಕು, ಮಗ್ಗಾನೂ ನಿಂದರಬೇಕು.
ಹಂಗಾಗಿ ನಮ್ಮ ತಾಲೀಮು
ಮಣ್ಣಿಗೆ ಹೋಗಿಬಂದು, ಜಳಕಾ ಮಾಡಿ, ಆಮ್ಯಾಲ.

ವಿಠ್ಠಲಸಾ ಬಾಕಳೆ ಡ್ರಮ್ಮಿಗೆ. ಅವನ ಬಲಗಾಲು
ಹುಟ್ಟಿದಾಗಿಂದ ಮಗ್ಗದ ಲೆಕ್ಕ ಹಿಡದಿತ್ತು.
ಮಕ್ತುಮ ಬೇಸ್. ಅದರ ನಾಕು ತಂತಿಯೊಳಗ ಒಂದು
ಸ್ಕೂಟರಿನ ಬ್ರೇಕ್ ವಾಯರ್. ಅಂವ ಅಲ್ಲಂತಾನ, ನಾ ಹೌದಂತೇನಿ.
ಪ್ರಭುದಾಸ ಹಾಡತಿದ್ದ, ಶಬ್ದದ ಅರ್ಥ ತಿಳೀಲಾರದ,
ಚರ್ಚಿನ ಕ್ವಾಯರಿನೊಳಗ ಕಲ್ತ ಬಾಯಿ ಪೂರಾ ತಗದು.
ನಾನು ಗಿಟಾರು.

ಒಂದೊಂದು ಸಾಲಿಗೆ ಒಂದೊಂದು ವಾರ.
ಪ್ಲೇ, ಸ್ಟಾಪ್, ಹಿಂದಕ್ಕ. ಪ್ಲೇ, ಸ್ಟಾಪ್, ಹಿಂದಕ್ಕ.
ರಿವೈಂಡ್ ಗುಂಡಿ ಕೆಟ್ಟ ಮ್ಯಾಲ ಪೆನ್ಸಿಲ್ ತೂರಿಸಿ ತಿರುವುತಿದ್ದೆ,
ಅವ್ವ ಕಂಡಿಕಿ ಸುತ್ತಿದಂಗ.
ಸೆಲ್ ಇಳದ್ರ ಛಲೋ. ಟೇಪು ನಿದ್ದಿಗಣ್ಣಾಗ
ಒಂದೊಂದಽ ಸ್ವರ ಬಿಡಿಸಿ ಬಿಡಿಸಿ ಕೊಡತಿತ್ತು,
ಖರೆ ಶ್ರುತಿ ಅರ್ಧ ಮನಿ ಕೆಳಗ.
ನಾನೂ ತಂತಿ ಅಷ್ಟಽ ಇಳಿಸಿ ಕುಂತೆ.
ಹೊಸಾ ಸೆಲ್ ಹಾಕಿದ ದಿನ
ಕಲ್ತದ್ದೆಲ್ಲಾ ಸುಳ್ಳಾತು.

ಮೂರನೇ ತಂತಿ ಉಂಗುರ ಬೆರಳಿಲೆ ಮ್ಯಾಲಕ್ಕ ದಬ್ಬಬೇಕು,
ಸ್ವರ ಏರಿ, ಏರಿದಲ್ಲೆ ನಡಗಬೇಕು.
ನಂದು ಅರ್ಧಕ್ಕ ಏರಿ ನಿಂದರತಿತ್ತು,
ಬಾವಿ ಕಟ್ಟಿ ಹತ್ತಲಾರದ ಆಡಿನ ಮರಿ.
ಹಾರ್ಮೋನಿಯಂ ರಿಪೇರಿಯ ಗದಿಗೆಪ್ಪಜ್ಜ ಕಿಡಕಿಯಿಂದ ಅಂದ:
“ಮೀಂಡಲೇ ಅದು. ನನ್ನ ಪೆಟಿಗಿಗೆ ಈ ಜನ್ಮದಾಗ ಬರೂದಿಲ್ಲ.
ತಂತಿ ಇಟಗೊಂಡು ನಿನಗ್ಯಾಕ ಬರವಲ್ದು?”
ಸಿಟ್ಟೀಲೆ ದಬ್ಬಿದೆ. ಹರದು ಗಲ್ಲಕ್ಕ ಬಡೀತು.
ಆ ತಂತಿ ನಮ್ಮ ಕಡೆ ಸಿಗತಿದ್ದಿಲ್ಲ.
ಮತ್ತ ಸೋದರಮಾವ, ಮತ್ತ ಡಬ್ಬಿ, ಎಂಟು ದಿನ.

ಸೋಲೋದ ನಟ್ಟನಡುವ ಟೇಪು ಹರದಿತ್ತು.
ನಮಗಿಂತ ಮೊದಲ ಯಾರೋ ಅಂಟಿಸಿ ಕೂಡಿಸಿದ್ರು.
ಏರಿ ಏರಿ ಬಂದ ಗಿಟಾರು ಅಲ್ಲೆ ಟಣ್ಣನ ಜಿಗದು
ಮುಂದಿನ ಪಾವಟಗಿ ಮ್ಯಾಲ ಇಳೀತಿತ್ತು.
ನಡುವ ಪಾವಟಗಿ ಅದಾವು ಅನ್ನೂದಽ ನಮಗ ಗೊತ್ತಿದ್ದಿಲ್ಲ.
ಹಂಗಽ ಕಲ್ತೆ. ವಿಠ್ಠಲಸಾ ಆ ಜಿಗತಕ್ಕ
ಒಂದು ಏಟು ಮುರದು ಕೊಟ್ಟ,
ಲಾಳಿ ಸಿಗೇಬಿದ್ದಾಗ ಮಗ್ಗ ಮುಗ್ಗರಸ್ತದಲ್ಲ, ಹಂಗ.

ಹುಬ್ಬಳ್ಳಿ. ರೈಲ್ವೆ ಮಂದಿಯ ಕ್ಲಬ್ಬು. ಡಿಸೆಂಬರ್.
ಕಬ್ಬಿಣದ ಕುರ್ಚಿ, ಎಗ್ ಪಫ್ಸ್, ಮೂವತ್ತು ಮಂದಿ.
ಇಳದ ಮ್ಯಾಲ ರಿಟಾಯರ್ ಡ್ರೈವರ್ ಲಾಜರಸ್ ಅಂಕಲ್
ನನ್ನ ಮುಂಗೈ ಹಿಡದ:
“ಎಲ್ಲಾ ಬರೋಬರಿ, ಮಗಾ. ಖರೆ ಅಣ್ಣಿಗೇರಿಯೊಳಗ
ಗಾಡಿ ನಿಲ್ಲಸಲಿಲ್ಲ ನೋಡು ನೀ.”
ಅಂದವನಽ ಹಲ್ಲಿಲ್ಲದ ಬಾಯಿಲೆ ಸೀಟಿ ಹೊಡದ.
ಐದು ಸ್ವರ.
ಐದಽ.

ರಾತ್ರಿ ಗಾಡಿಯೊಳಗ ಯಾರೂ ಮಾತಾಡಲಿಲ್ಲ.
ಅಣ್ಣಿಗೇರಿ ಬಂತು, ಗಾಡಿ ನಿಂತಿತು.
ಮಕ್ತುಮ ಒಬ್ಬನಽ ನಕ್ಕ.

ಐದೂ ಸ್ವರ ಒಂದು ತಾಸಿನೊಳಗ ಕೈಗೆ ಬಂದ್ವು.
ಸೇರಿಸಿ ಬಾರಿಸಿದ್ವಿ. ವಿಠ್ಠಲಸಾ ಕೋಲು ಕೆಳಗಿಟ್ಟ.
“ಏನೋ ಕಮ್ಮಿ ಬಿತ್ತಲೇ.”
“ಕಮ್ಮಿ ಎಲ್ಲಿ? ಹೆಚ್ಚಾಗೇತಿ.”
“ಅದನ್ನಽ ಅಂತೀನಿ.”

ಟೇಪು ಎಂದೋ ಹರೀತು, ವಾದ ಇನ್ನೂ ಹರೀವಲ್ದು.
ಪ್ರಭುದಾಸಗ ಈಗ ಶುಗರ್, ನಡುನಡುವ ಬಿಸ್ಕೀಟು ಬೇಕು.
ಮಗ್ಗದ ಖೋಲಿಯೊಳಗ ಬೈಕ್ ಗ್ಯಾರೇಜ್.
ವರ್ಷಕ್ಕೊಮ್ಮೆ ಅಲ್ಲೇ, ಶಟರ್ ಇಳಿಸಿ, ಕೂಡತೇವಿ.
ಆ ಜಾಗಾ ಬಂದಾಗ ವಿಠ್ಠಲಸಾ ನನ್ನ ಮಾರಿ ನೋಡತಾನ:
ನಿಂದರಾಂವೋ, ಜಿಗ್ಯಾಂವೋ?
ಬೆರಳಿಗೆ ಬಿಟ್ಟೇನಿ.
ಅವತ್ತಿನ ಸೆಲ್ ಎಷ್ಟು ಇಳದಾವು
ಅದಕ್ಕಽ ಗೊತ್ತು.